ಲಾಗಿನ್ ಕುಕಿ: ಕಚೇರಿ ಜಾಲದಲ್ಲಿ ಬಳಕೆದಾರರ ಗುರುತು

ಉದ್ಯೋಗಿ ಹೆಸರು, ಪಾಸ್‌ವರ್ಡ್ ಕೊಟ್ಟು ಕಚೇರಿಯ ಇಂಟ್ರಾನೆಟ್‌ಗೆ ಲಾಗಿನ್ ಆದಾಗ ಸರ್ವರ್ ಆ ಕಂಪ್ಯೂಟರಿನ ಬ್ರೌಸರ್‌ನಲ್ಲಿ ಇರಿಸುವ ಪುಟ್ಟ ದಾಖಲೆಯೇ ಲಾಗಿನ್ ಕುಕಿ. ಮುಂದೆ ತೆರೆಯುವ ಪ್ರತಿಯೊಂದು ಪುಟಕ್ಕೂ ಬ್ರೌಸರ್ ಅದನ್ನು ಸರ್ವರ್‌ಗೆ ತೋರಿಸುತ್ತದೆ. ಹಾಗಾಗಿ ಪದೇ ಪದೇ ಪಾಸ್‌ವರ್ಡ್ ಕೇಳಬೇಕಾಗಿಲ್ಲ. ಆದರೆ ಇಲ್ಲಿ ಗುರುತು ಸಿಗುವುದು ಬ್ರೌಸರ್‌ಗೇ ಹೊರತು ಅದರ ಮುಂದೆ ಕುಳಿತವರಿಗಲ್ಲ. ಹಿಂದೆ ಬ್ಯಾಂಕಿನ ಕೌಂಟರಿನಲ್ಲಿ ಹಿತ್ತಾಳೆಯ ಟೋಕನ್ ಯಾರ ಕೈಯಲ್ಲಿತ್ತೋ ಅವರಿಗೇ ಹಣ ಸಲ್ಲುವ ಅಪಾಯವಿದ್ದಂತೆ, ಕುಕಿಯೂ ಹಿಡಿದವರ ಪಾಲಿನದು. ಈ ವಿಧಾನದ ಇತಿಹಾಸವನ್ನು ಓದಬೇಕಾದುದು ಈ ಕೊರತೆಯನ್ನು ತುಂಬುವ ಸರಣಿ ಪ್ರಯತ್ನಗಳಾಗಿ.

ಕುಕಿ ಹುಟ್ಟಿದ್ದು ಗುರುತಿಗಾಗಿ ಅಲ್ಲ. ವೆಬ್‌ನ ಮೂಲ ನಿಯಮದಲ್ಲಿ ಸರ್ವರ್‌ಗೆ ನೆನಪೇ ಇರಲಿಲ್ಲ. ಒಂದು ಪುಟ ಕೇಳಿದವರೇ ಮುಂದಿನದನ್ನೂ ಕೇಳುತ್ತಿದ್ದಾರೆಂದು ಅದಕ್ಕೆ ತಿಳಿಯುತ್ತಿರಲಿಲ್ಲ. 1994ರಲ್ಲಿ ನೆಟ್‌ಸ್ಕೇಪ್‌ನ ಲೂ ಮೊಂಟುಲಿ, ಅರ್ಧಕ್ಕೆ ನಿಂತ ಖರೀದಿಯ ವಿವರವನ್ನು ಗ್ರಾಹಕನ ಕಂಪ್ಯೂಟರಿನಲ್ಲೇ ಇಡಲು ಈ ಉಪಾಯ ಹೂಡಿದರು. ಇಂದಿನ ಲಾಗಿನ್ ಕುಕಿಗಳಲ್ಲಿ ಸಾಮಾನ್ಯವಾಗಿ ಊಹಿಸಲಾಗದ ಒಂದು ಸಂಖ್ಯೆ ಮಾತ್ರ ಇರುತ್ತದೆ, ವಿವರವೆಲ್ಲ ಸರ್ವರ್‌ನಲ್ಲಿ: ಮೂಲ ಉದ್ದೇಶ ತಲೆಕೆಳಗಾಗಿದೆ. ಬೇರೆ ದಾರಿಗಳಿರಲಿಲ್ಲವೆಂದಲ್ಲ. ಆ ಕಾಲದ 'ಬೇಸಿಕ್' ದೃಢೀಕರಣದಲ್ಲಿ ಪ್ರತಿ ಕೋರಿಕೆಯ ಜೊತೆಗೂ ಪಾಸ್‌ವರ್ಡ್ ಹೋಗುತ್ತಿತ್ತು, ಲಾಗೌಟ್ ಆಗಲು ನೆಟ್ಟಗಿನ ಮಾರ್ಗವಿರಲಿಲ್ಲ. ಐಪಿ ವಿಳಾಸವನ್ನು ನಂಬೋಣವೆಂದರೆ, ಮೂರು ಪಾಳಿಯವರು ಒಂದೇ ಯಂತ್ರ ಬಳಸುವ ಕಡೆ ಅದು ಮೂವರನ್ನೂ ಒಬ್ಬರೆಂದೇ ಎಣಿಸುತ್ತದೆ.

ಇಂಥ ಗುರುತು ಎಲ್ಲಕ್ಕಿಂತ ಮುಖ್ಯವಾಗುವುದು ಬ್ಯಾಂಕುಗಳಲ್ಲಿ. ಮಂಗಳೂರಿನ ಪಂಪ್‌ವೆಲ್‌ನಲ್ಲಿ, ಅಂದರೆ ಮಹಾವೀರ ವೃತ್ತದಲ್ಲಿ, ಪ್ರಧಾನ ಕಚೇರಿಯಿರುವ ಕರ್ಣಾಟಕ ಬ್ಯಾಂಕ್ ಸ್ಥಾಪನೆಯಾದದ್ದು 1924ರಲ್ಲಿ. 2000ದ ಸುಮಾರಿಗೆ ಅದು ಇನ್ಫೋಸಿಸ್‌ನ ಫಿನಾಕಲ್ ತಂತ್ರಾಂಶದೊಂದಿಗೆ ಕೋರ್ ಬ್ಯಾಂಕಿಂಗ್‌ಗೆ ಬಂತು. ಹಿಂದೆ ಶಾಖೆಯ ಲೆಡ್ಜರ್‌ನಲ್ಲಿ ಕೈಬರಹ, ಸಹಿಯೇ ಸಾಕ್ಷಿಯಾಗಿದ್ದವು. ಲೆಕ್ಕವೆಲ್ಲ ಕೇಂದ್ರದ ಸರ್ವರ್‌ಗೆ ಹೋದಮೇಲೆ, ನಮೂದಿಸಿದವರು ಯಾರು, ಮಂಜೂರು ಮಾಡಿದವರು ಯಾರು ಎಂಬುದು ಯಾವ ಬ್ಯಾಂಕಿನಲ್ಲೇ ಆಗಲಿ ಲಾಗಿನ್ ಮೇಲೆ ನಿಂತಿದೆ. ಹಾಗಾದರೆ ಬೆರಳಚ್ಚು ಸಾಲದೆ ಎಂದು ಕೇಳಬಹುದು. ಕರ್ನಾಟಕದ 'ಭೂಮಿ' ಯೋಜನೆ ಅದೇ ಹೊತ್ತಿಗೆ ತಾಲೂಕು ಕಚೇರಿಯ ಪಹಣಿ ತಿದ್ದುವ ಸಿಬ್ಬಂದಿಗೆ ಬೆರಳಚ್ಚಿನ ಲಾಗಿನ್ ಕಡ್ಡಾಯ ಮಾಡಿತ್ತು. ಇನ್ನೊಬ್ಬರ ಪಾಸ್‌ವರ್ಡ್ ಬಳಸಿ ತಿದ್ದಿದರೆಂಬ ಸಬೂಬಿಗೆ ಅದು ಕಡಿವಾಣ ಹಾಕಿತು, ದೊಡ್ಡ ಮಾತೇ. ಆದರೂ ಬೆರಳು ಸಾಕ್ಷಿ ಹೇಳುವುದು ಒಳಬಂದ ಕ್ಷಣಕ್ಕೆ. ವೆಬ್ ವ್ಯವಸ್ಥೆಯಲ್ಲಿ ಆಮೇಲಿನ ಹೊಣೆ ಮತ್ತೆ ಕುಕಿಯದೇ.

ಇಂಟ್ರಾನೆಟ್ ಮುಚ್ಚಿದ ಜಾಲ, ಅಲ್ಲಿ ಇಷ್ಟು ಬಿಗಿ ಏಕೆ ಎಂಬುದು ಗಟ್ಟಿಯಾದ ಆಕ್ಷೇಪವೆಂದು ಬಹುಕಾಲ ಅನ್ನಿಸಿತ್ತು. ಹೊರಗಿನ ಕಪಟ ಪುಟವೊಂದು ಉದ್ಯೋಗಿಯ ಬ್ರೌಸರ್‌ನಿಂದಲೇ ಒಳಗಿನ ಸರ್ವರ್‌ಗೆ ಕೋರಿಕೆ ಕಳಿಸಬಲ್ಲದು, ಕುಕಿ ತಾನಾಗಿ ಜೊತೆಗೆ ಹೋಗುತ್ತದೆ ಎಂದು ಗೊತ್ತಾದಾಗ ಆ ವಾದ ಬಿತ್ತು. 2002ರಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್ 'ಎಚ್‌ಟಿಟಿಪಿ ಓನ್ಲಿ' ತಂದು ಪುಟದ ಸ್ಕ್ರಿಪ್ಟ್‌ಗಳ ಕೈಗೆ ಕುಕಿ ಸಿಗದಂತೆ ಮಾಡಿತ್ತು. 2010ರಲ್ಲಿ ಬಂದ ಫೈರ್‌ಶೀಪ್ ಎಂಬ ತಂತ್ರಾಂಶ, ಬೀಗವಿಲ್ಲದ ವೈಫೈನಲ್ಲಿ ಪಕ್ಕದವರ ಕುಕಿ ಕದಿಯುವುದು ಎಷ್ಟು ಸಲೀಸೆಂದು ಎಲ್ಲರೆದುರು ತೋರಿಸಿತು. ಸಂಪರ್ಕವನ್ನೇ ಗೂಢಲಿಪಿಯಲ್ಲಿ ನಡೆಸಬೇಕೆಂಬ ಒತ್ತಾಯ ಬಲವಾಯಿತು. ಬೇರೆ ತಾಣದಿಂದ ಹೊರಟ ಕೋರಿಕೆಗೆ ಕುಕಿ ಸೇರದಂತೆ ತಡೆಯುವ 'ಸೇಮ್‌ಸೈಟ್' ನಿಯಮವನ್ನು ಕ್ರೋಮ್ ತಾನಾಗಿ ಜಾರಿ ಮಾಡತೊಡಗಿದ್ದು 2020ರ ಫೆಬ್ರವರಿಯಲ್ಲಿ.  

ಇಷ್ಟಾದರೂ ಲಾಗೌಟ್ ಆಗದೆ ಚಹಾಕ್ಕೆ ಎದ್ದುಹೋದವರ ಕುರ್ಚಿಯಲ್ಲಿ ಕುಳಿತವರನ್ನು ಈ ಯಾವ ನಿಯಮವೂ ಹಿಡಿಯದು. ಅದಕ್ಕೇ ಕುಕಿಯ ಆಯುಸ್ಸನ್ನು ನಿಮಿಷಗಳಿಗೆ ಇಳಿಸುವುದು, ಹಣ ಮಂಜೂರಾತಿಯಂಥ ಹೆಜ್ಜೆಯಲ್ಲಿ ಮತ್ತೊಮ್ಮೆ ಪಾಸ್‌ವರ್ಡ್ ಅಥವಾ ಬೆರಳು ಕೇಳುವುದು ರೂಢಿಗೆ ಬಂದಿದೆ.