ತುಂಗುಸ್ಕಾ: ಫಿರಂಗಿಯೋ, ಕ್ಷಿಪಣಿಯೋ?

ತುಂಗುಸ್ಕಾ ಎಂದೊಡನೆ 1908ರ ಜೂನ್ 30ರಂದು ಸೈಬೀರಿಯದ ಕಾಡನ್ನು ನೆಲಕ್ಕೊರಗಿಸಿದ ಆಕಾಶಸ್ಫೋಟ ನೆನಪಾಗುವುದು ಸಹಜ. ನಾನಿಲ್ಲಿ ಹೇಳಹೊರಟಿರುವುದು ಅದೇ ಸೀಮೆಯ ನದಿಯ ಹೆಸರನ್ನು ಹೊತ್ತ ಒಂದು ಯುದ್ಧವಾಹನದ ಕಥೆ. ವಿಮಾನನಾಶಕ ಫಿರಂಗಿ ವಾಹನಗಳಿಗೆ ನದಿಗಳ ಹೆಸರಿಡುವ ರೂಢಿ ಸೋವಿಯತ್ತರಲ್ಲಿತ್ತು. ಇದರ ಹಿರಿಯಣ್ಣ ‘ಶಿಲ್ಕಾ’ ಕೂಡ ನದಿಯೇ.

23 ಮಿ.ಮೀ.ನ ನಾಲ್ಕು ನಳಿಗೆಗಳ ಶಿಲ್ಕಾ 1973ರ ಅರಬ್–ಇಸ್ರೇಲ್ ಯುದ್ಧದಲ್ಲಿ ಹೆಸರು ಮಾಡಿತು. ಕ್ಷಿಪಣಿಗಳಿಗೆ ಹೆದರಿ ತಗ್ಗಿನಲ್ಲಿ ಹಾರಿದ ವಿಮಾನಗಳು ಇದರ ಬಾಯಿಗೆ ಬಿದ್ದವು. ಆದರೆ ಇದರ ಗುಂಡು ಎಟಕುತ್ತಿದ್ದುದು ಎರಡೂವರೆ ಕಿ.ಮೀ. ಮಾತ್ರ. 1972ರಲ್ಲಿಯೇ ವಿಯೆಟ್ನಾಮಿನಲ್ಲಿ ಅಮೆರಿಕದ ಹೆಲಿಕಾಪ್ಟರುಗಳು ‘ಟೋ’ ಎಂಬ ಕ್ಷಿಪಣಿಯಿಂದ ಟ್ಯಾಂಕುಗಳನ್ನು ಒಡೆದಿದ್ದವು; ಅದರ ವ್ಯಾಪ್ತಿ ಸುಮಾರು 3 ಕಿ.ಮೀ. ಕೂಡು-ಕಳೆ ಬಲ್ಲ ಹುಡುಗನಿಗೂ ಅಪಾಯ ತಿಳಿಯುತ್ತದೆ.

ತುಲಾ ನಗರದ ಶಸ್ತ್ರವಿನ್ಯಾಸ ಕೇಂದ್ರದಲ್ಲಿ ಅರ್ಕಾದಿ ಶಿಪುನೋವ್ ಅವರ ನೇತೃತ್ವದಲ್ಲಿ 1970ರಲ್ಲಿ ಹೊಸ ವಾಹನದ ಕೆಲಸ ಆರಂಭವಾಯಿತು. ಕೆಲವು ವರ್ಷಗಳ ಬಳಿಕ ಅದು ನಿಂತೇಹೋಯಿತು. ‘ಓಸಾ’ ಎಂಬ ಕ್ಷಿಪಣಿ ವಾಹನ ಬಂದಿರುವಾಗ ಮತ್ತೆ ಫಿರಂಗಿ ಏಕೆಂಬುದು ಆಕ್ಷೇಪ. ಇದಕ್ಕೆ ಉತ್ತರವಿತ್ತದ್ದು ಗಡಿಯಾರ! ಗುಡ್ಡದ ಮರೆಯಿಂದ ಮೇಲೆದ್ದು ಹೊಡೆದು ಮತ್ತೆ ಅಡಗಲು ಹೆಲಿಕಾಪ್ಟರಿಗೆ 20–30 ಸೆಕೆಂಡು ಸಾಕು. ಓಸಾಕ್ಕೆ ಸಿದ್ಧವಾಗಲಿಕ್ಕೇ ಸುಮಾರು ಅಷ್ಟು ಸಮಯ ಬೇಕು. ತುಂಗುಸ್ಕಾಕ್ಕೆ ಬೇಕಾದದ್ದು 8ರಿಂದ 10 ಸೆಕೆಂಡು. ಕೆಲಸ ಮರಳಿ ಆರಂಭವಾಯಿತು. 1982ರಲ್ಲಿ ವಾಹನವನ್ನು ಸೇನೆಗೆ ಅಂಗೀಕರಿಸಲಾಯಿತು. ಮುಂದೆ ಭಾರತೀಯ ಸೇನೆಯೂ ಇದನ್ನು ಕೊಂಡಿತು.

ಇದು ಸುಮಾರು 34 ಟನ್ನಿನ, ಸರಪಳಿ ಪಟ್ಟಿಯ ಮೇಲೆ ಸಾಗುವ ವಾಹನ, ಸಿಬ್ಬಂದಿ ನಾಲ್ವರು. ಜೋಡಿ ನಳಿಗೆಗಳ ಎರಡು 30 ಮಿ.ಮೀ. ಫಿರಂಗಿಗಳು ಸೇರಿ ನಿಮಿಷಕ್ಕೆ ಸುಮಾರು 5,000 ಗುಂಡು ಉಗುಳುತ್ತವೆ. ಒಂದೊಂದು ಗುಂಡಿನ ತೂಕ ಶಿಲ್ಕಾದ್ದರ ಇಮ್ಮಡಿ. ಜೊತೆಗೆ 8 ಕಿ.ಮೀ.ವರೆಗೆ ಹೋಗುವ ಎಂಟು ಕ್ಷಿಪಣಿಗಳು. ಎರಡೂವರೆ ಕಿ.ಮೀ.ಗಿಂತ ಸಮೀಪದಲ್ಲಿ ಕ್ಷಿಪಣಿ ನಿಷ್ಪ್ರಯೋಜಕ. ಅಲ್ಲಿ ಫಿರಂಗಿಯದೇ ರಾಜ್ಯ. ಒಂದರ ಕುಂದನ್ನು ಇನ್ನೊಂದು ಮುಚ್ಚುವ ಈ ಜೋಡಣೆಯೇ ಶಿಪುನೋವರ ನಿಜವಾದ ಜಾಣ್ಮೆಯೆಂದು ನನ್ನ ಎಣಿಕೆ. ಕೊರತೆಯಿರಲಿಲ್ಲವೆಂದಲ್ಲ. ಕ್ಷಿಪಣಿಯನ್ನು ಹಾರಿಸಲು ವಾಹನ ನಿಲ್ಲಬೇಕಿತ್ತು. ಅದು ಗುರಿ ಮುಟ್ಟುವವರೆಗೆ ಸೈನಿಕ ದುರ್ಬೀನಿನ ಗೆರೆಯನ್ನು ಗುರಿಯ ಮೇಲೆ ಹಿಡಿದೇ ಇರಬೇಕಿತ್ತು. ಹಾಗಾಗಿ ಕತ್ತಲೆಯಲ್ಲಿ, ಮಂಜಿನಲ್ಲಿ ಉಳಿಯುತ್ತಿದ್ದುದು ರಾಡಾರಿನ ನೆರವಿನ ಫಿರಂಗಿಯೊಂದೇ.

ಇಷ್ಟೆಲ್ಲ ಲೆಕ್ಕ ಹೆಲಿಕಾಪ್ಟರಿಗಾಗಿ. ಆದರೆ 1994ರ ಕೊನೆಯಲ್ಲಿ ರಷ್ಯನ್ ಸೇನೆ ಚೆಚನ್ಯದ ಗ್ರೋಜ್ನಿ ನಗರವನ್ನು ಹೊಕ್ಕಾಗ ಎದುರಾಳಿಯ ಹೆಲಿಕಾಪ್ಟರು ಆಕಾಶದಲ್ಲಿ ಒಂದೂ ಇರಲಿಲ್ಲ. ಶತ್ರುವಿದ್ದುದು ಮಹಡಿಗಳ ಮೇಲೆ, ನೆಲಮಾಳಿಗೆಗಳಲ್ಲಿ. ಟ್ಯಾಂಕಿನ ನಳಿಗೆ ಮೇಲಿನ ಕಿಟಕಿಗಳಿಗೆ ಏರದು. ಆದ್ದರಿಂದ ತುಂಗುಸ್ಕಾಗಳನ್ನು ಬೀದಿಗಿಳಿಸಿದರು. ಅವುಗಳ ಕವಚ ತೆಳುವಾದದ್ದು. ಹೆಗಲ ಮೇಲಿಟ್ಟು ಹೊಡೆಯುವ ರಾಕೆಟ್ಟುಗಳಿಗೆ ಅವು ಬೀದಿಬೀದಿಯಲ್ಲಿ ಸುಟ್ಟುಹೋದವು. ಒಳಗಿದ್ದವರಲ್ಲಿ ಅನೇಕರು ಎಳೆಯ ಕಡ್ಡಾಯ ಸೈನಿಕರು, ನಮ್ಮ ಪಿ.ಯು.ಸಿ. ಮುಗಿಸಿದ ಹುಡುಗರ ಓರಗೆಯವರು.