ಸದ್ದಿಲ್ಲದೆ ಮುಚ್ಚುವ ಬಾಗಿಲು

ಎಐ ಬಂತು, ಇನ್ನು ಸಾಫ್ಟ್‌ವೇರ್ ನೌಕರಿ ಕಥೆ ಮುಗೀತಾ? ಈಗ ಈ ಪ್ರಶ್ನೆ ಕೇಳದವರೇ ಇಲ್ಲ. ಮಗನಿಗೆ ಕಂಪ್ಯೂಟರ್ ಸೈನ್ಸ್ ಸೀಟು ಕೊಡಿಸಬೇಕು ಅಂತಿರುವ ಹಾವೇರಿಯ ಮೇಷ್ಟ್ರು ಕೇಳ್ತಾರೆ. ವೈಟ್‌ಫೀಲ್ಡ್‌ನಲ್ಲಿ ಇಪ್ಪತ್ತು ವರ್ಷದ ಕಂತಿಗೆ ಫ್ಲಾಟ್ ತಗೊಂಡ ಟೀಮ್ ಲೀಡ್ ಕೂಡ ಕೇಳ್ತಾರೆ. ಉತ್ತರ ಹೇಳೋರು ಎರಡು ಥರ. ಒಬ್ಬರು ಎಲ್ಲ ಮುಗೀತು ಅಂತಾರೆ. ಇನ್ನೊಬ್ಬರು ಏನೂ ಆಗಲ್ಲ, ಕಂಪ್ಯೂಟರ್ ಬಂದಾಗಲೂ ಹೀಗೇ ಬೊಬ್ಬೆ ಹೊಡೆದಿದ್ರು, ಕೊನೆಗೆ ಯಾರ ಕೆಲಸ ಹೋಯ್ತು ಹೇಳಿ ಅಂತಾರೆ.

ಈ ಎರಡನೆಯ ಮಾತನ್ನು ಸ್ವಲ್ಪ ನಿಂತು ನೋಡಬೇಕು. ಕಂಪ್ಯೂಟರ್ ಬಂದಾಗ ಯಾರ ಕೆಲಸವೂ ಹೋಗಲಿಲ್ಲವಾ? ಈ ಪ್ರಶ್ನೆಗೆ ಭವಿಷ್ಯ ಹೇಳೋರು ಬೇಕಾಗಿಲ್ಲ. ಇತಿಹಾಸದಲ್ಲೇ ಉತ್ತರ ಇದೆ. ಅದೂ ದೂರದ ದೇಶದ ಇತಿಹಾಸ ಅಲ್ಲ, ನಮ್ಮದೇ ಬ್ಯಾಂಕುಗಳ ಇತಿಹಾಸ.

ಒಂದು ಕಾಲಕ್ಕೆ ಕರ್ನಾಟಕದ ಮಧ್ಯಮ ವರ್ಗದ ಕನಸು ಅಂದ್ರೆ ಬ್ಯಾಂಕ್ ನೌಕರಿ. ಅದಕ್ಕೆ ಕಾರಣವೂ ಇತ್ತು. ಹಳೆಯ ದಕ್ಷಿಣ ಕನ್ನಡ ಜಿಲ್ಲೆಯೊಂದೇ ದೇಶಕ್ಕೆ ಐದು ದೊಡ್ಡ ಬ್ಯಾಂಕುಗಳನ್ನು ಕೊಟ್ಟಿತ್ತು. 1906ರಲ್ಲಿ ಕೆನರಾ ಮತ್ತು ಕಾರ್ಪೊರೇಷನ್, 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ. 1969 ಮತ್ತು 1980ರಲ್ಲಿ ಇವುಗಳಲ್ಲಿ ನಾಲ್ಕು ರಾಷ್ಟ್ರೀಕರಣ ಆದವು. ಹಳ್ಳಿ ಹಳ್ಳಿಗೂ ಶಾಖೆ ತೆರೆದವು. ಪ್ರತಿ ಶಾಖೆಗೂ ಗುಮಾಸ್ತರು ಬೇಕಾದ್ರು. ಬಿಕಾಂ ಮಾಡಿದ ಹುಡುಗ, ಟೈಪಿಂಗ್ ಸೀನಿಯರ್ ಪಾಸಾದ ಹುಡುಗಿ, ಎಲ್ಲರೂ ಬ್ಯಾಂಕ್ ಪರೀಕ್ಷೆಗೆ ಕೂತರು. ಮಗ ಬ್ಯಾಂಕಲ್ಲಿದ್ದಾನೆ ಅಂದ್ರೆ ಹೆಣ್ಣು ಕೊಡೋಕೆ ಸಾಲು ನಿಲ್ತಿದ್ರು.

ಆ ಕೆಲಸ ಏನಾಗಿತ್ತು? ಲೆಡ್ಜರ್. ಎರಡು ಕೈಯಲ್ಲಿ ಎತ್ತಬೇಕಾದಷ್ಟು ದೊಡ್ಡ ಪುಸ್ತಕ. ಗ್ರಾಹಕ ನೂರು ರೂಪಾಯಿ ತೆಗೆದರೆ ಅದರಲ್ಲಿ ಬರೀಬೇಕು, ಬಾಕಿ ಕೂಡಿ ಕಳೀಬೇಕು. ಸಂಜೆ ದಿನದ ಲೆಕ್ಕ ತಾಳೆ ಆಗಬೇಕು. ಒಂದು ರೂಪಾಯಿ ವ್ಯತ್ಯಾಸ ಬಂದರೂ ಹುಡುಕುತ್ತಾ ಕೂರಬೇಕು. ಜೂನ್, ಡಿಸೆಂಬರ್ ಬಂದರೆ ಅರ್ಧ ವರ್ಷದ ಬಡ್ಡಿ ಲೆಕ್ಕ. ಒಂದೊಂದು ಖಾತೆಗೂ ಕೈಯಲ್ಲೇ. ಇವತ್ತಿನ ಕಂಪ್ಯೂಟರ್‌ಗೆ ಇದು ಕಣ್ಣು ಮಿಟುಕಿಸುವ ಹೊತ್ತಿನ ಕೆಲಸ.

ಯಂತ್ರ ಬಂದರೆ ಈ ಕೆಲಸ ಉಳಿಯಲ್ಲ ಅನ್ನೋದು ನೌಕರರಿಗೆ ಗೊತ್ತಿರಲಿಲ್ಲವಾ? ಚೆನ್ನಾಗಿಯೇ ಗೊತ್ತಿತ್ತು. 1960ರ ದಶಕದಲ್ಲೇ ಕಲ್ಕತ್ತಾದ ಎಲ್‌ಐಸಿ ನೌಕರರು ಕಂಪ್ಯೂಟರ್ ಕಚೇರಿಯ ಒಳಗೆ ಬರದಂತೆ ಹಗಲು ರಾತ್ರಿ ಕಾವಲು ಕಾದಿದ್ದರು. ಬ್ಯಾಂಕುಗಳಲ್ಲೂ ಅದೇ ಬಿಸಿ. ಕೊನೆಗೆ 1983ರ ಸೆಪ್ಟೆಂಬರ್‌ನಲ್ಲಿ ಬ್ಯಾಂಕುಗಳ ಒಕ್ಕೂಟಕ್ಕೂ ನೌಕರರ ಸಂಘಗಳಿಗೂ ಒಪ್ಪಂದ ಆಯ್ತು. ಯಾವ ಥರದ ಯಂತ್ರ, ಎಷ್ಟು ಯಂತ್ರ, ಎಲ್ಲಿ ಇಡಬೇಕು ಅನ್ನೋದಕ್ಕೆಲ್ಲ ಮಿತಿ ಹಾಕಿದರು. ಯಂತ್ರ ನಡೆಸುವವರಿಗೆ ವಿಶೇಷ ಭತ್ಯೆ. ಇದ್ದ ನೌಕರರನ್ನು ಮನೆಗೆ ಕಳಿಸುವಂತಿಲ್ಲ. ಮರು ವರ್ಷ, 1984ರಲ್ಲಿ, ರಿಸರ್ವ್ ಬ್ಯಾಂಕಿನ ಆಗಿನ ಡೆಪ್ಯುಟಿ ಗವರ್ನರ್ ಸಿ. ರಂಗರಾಜನ್ ಅವರ ಸಮಿತಿ ವರದಿ ಕೊಟ್ಟಿತು. ಅದೇ ನವೆಂಬರ್‌ನಲ್ಲಿ ರಾಜೀವ್ ಗಾಂಧಿ ಸರ್ಕಾರ ಹೊಸ ಕಂಪ್ಯೂಟರ್ ನೀತಿ ತಂದಿತು. ಯಂತ್ರ ಒಳಗೆ ಬಂತು.

ಆಮೇಲೆ ಏನಾಯ್ತು? ಇಲ್ಲೇ ಇರೋದು ವಿಷಯ. ಯಾರನ್ನೂ ಕೆಲಸದಿಂದ ತೆಗೀಲಿಲ್ಲ! ಸಂಘದವರು ಗೆದ್ದರು. ಕುರ್ಚಿಯಲ್ಲಿ ಕೂತವರು ಕುರ್ಚಿಯಲ್ಲೇ ಉಳಿದರು, ಬಡ್ತಿ ಪಡೆದರು, ಪಿಂಚಣಿ ಪಡೆದರು. ಹಾಗಾಗಿಯೇ ಇವತ್ತು ಯಾರ ಕೆಲಸ ಹೋಯ್ತು ಅಂತ ಧೈರ್ಯವಾಗಿ ಕೇಳ್ತಾರೆ.

ಆದರೆ 1990ರ ದಶಕದಲ್ಲಿ ಗುಮಾಸ್ತರ ನೇಮಕಾತಿ ಬತ್ತುತ್ತಾ ಹೋಯಿತು. ನಿವೃತ್ತರಾದವರ ಜಾಗ ತುಂಬಲಿಲ್ಲ. 2000-01ರಲ್ಲಿ ಸರ್ಕಾರಿ ಬ್ಯಾಂಕುಗಳು ಸ್ವಯಂ ನಿವೃತ್ತಿ ಯೋಜನೆ ತಂದವು. ಸುಮಾರು 1 ಲಕ್ಷ ಜನ ದುಡ್ಡು ತಗೊಂಡು ಹೊರಟರು. 2001ರಲ್ಲಿ ಬ್ಯಾಂಕ್ ಪರೀಕ್ಷೆ ನಡೆಸುತ್ತಿದ್ದ ನೇಮಕಾತಿ ಮಂಡಳಿಗಳನ್ನೇ ಸರ್ಕಾರ ರದ್ದು ಮಾಡಿತು. ಯೋಚನೆ ಮಾಡಿ. ಕೆಲಸ ಹೋಗಲಿಲ್ಲ, ಕೆಲಸಕ್ಕೆ ಹೋಗುವ ಬಾಗಿಲು ಮುಚ್ಚಿತು.

ಕೆಲಸದಿಂದ ತೆಗೆದರೆ ಸುದ್ದಿ ಆಗುತ್ತೆ. ನಮ್ಮ ಕ್ಯಾಮೆರಾ ಹೋಗುತ್ತೆ, ಗೇಟಿನ ಮುಂದೆ ಧಿಕ್ಕಾರ ಕೂಗ್ತಾರೆ, ಕೋರ್ಟಿಗೆ ಹೋಗ್ತಾರೆ. ತಗೊಳ್ಳದೇ ಹೋದರೆ ಸುದ್ದಿ ಆಗಲ್ಲ. 1993ರಲ್ಲಿ ಡಿಗ್ರಿ ಮುಗಿಸಿ ಬರದೇ ಇರುವ ಬ್ಯಾಂಕ್ ಪರೀಕ್ಷೆಗೆ ಓದುತ್ತಾ ಕೂತಿದ್ದ ಹುಡುಗ ಯಾವ ಗೇಟಿನ ಮುಂದೆ ಧರಣಿ ಕೂರಬೇಕಿತ್ತು? 1983ರ ಒಪ್ಪಂದಕ್ಕೆ ಆಡಳಿತ ಸಹಿ ಹಾಕಿತು, ಒಳಗಿದ್ದ ನೌಕರರು ಸಹಿ ಹಾಕಿದರು. ಹೊರಗೆ ನಿಂತವನ ಪರವಾಗಿ ಸಹಿ ಹಾಕೋಕೆ ಯಾರೂ ಇರಲಿಲ್ಲ.

ಬಾಗಿಲು ಮತ್ತೆ ತೆರೆಯಿತು, ಅದನ್ನೂ ಹೇಳಬೇಕು. ನಿವೃತ್ತಿಯ ಅಲೆ ಬಂತು, ಹೊಸ ಶಾಖೆಗಳು ಬಂದವು. 2010ರಲ್ಲಿ ಖಂಡೇಲ್ವಾಲ್ ಸಮಿತಿ ಸರ್ಕಾರಿ ಬ್ಯಾಂಕುಗಳ ಪರಿಸ್ಥಿತಿ ನೋಡಿ ಎಚ್ಚರಿಸಿತು. ಹಿರಿಯರು ಸಾಲುಸಾಲಾಗಿ ನಿವೃತ್ತರಾಗ್ತಿದ್ದಾರೆ, ಅವರ ಜಾಗಕ್ಕೆ ಏರುವವರು ಸಾಲದು. ವರ್ಷಗಟ್ಟಲೆ ಹೊಸಬರನ್ನು ತಗೊಳ್ಳದಿದ್ದರೆ ಮಧ್ಯದ ಒಂದು ತಲೆಮಾರೇ ಇರಲ್ಲವಲ್ಲ! 2011ರಿಂದ ಐಬಿಪಿಎಸ್ ಸಾಮಾನ್ಯ ಪರೀಕ್ಷೆ ಶುರುವಾಗಿ ಮತ್ತೆ ದೊಡ್ಡ ನೇಮಕಾತಿ ನಡೆಯಿತು. ಆದರೆ 1993ರ ಆ ಹುಡುಗನಿಗೆ ಅಷ್ಟೊತ್ತಿಗೆ ನಲವತ್ತು ಸಮೀಪಿಸಿತ್ತು. ಒಟ್ಟು ಲೆಕ್ಕದಲ್ಲಿ ಎಲ್ಲ ಸರಿಹೋಯ್ತು. ಅವನ ಲೆಕ್ಕದಲ್ಲಿ ಸರಿಹೋಗಲಿಲ್ಲ.

ಹಾಗಾದರೆ ಆ ತಲೆಮಾರಿನ ಓದಿದ ಮಕ್ಕಳು ಎಲ್ಲಿ ಹೋದರು? ಬಹಳಷ್ಟು ಜನಕ್ಕೆ ಇನ್ನೊಂದು ಬಾಗಿಲು ಸಿಕ್ಕಿತ್ತು. ಅದು ನಮ್ಮ ಬೆಂಗಳೂರಲ್ಲೇ ಇತ್ತು. 1970ರ ದಶಕದ ಕೊನೆಯಲ್ಲಿ ಕಿಯೋನಿಕ್ಸ್‌ನ ಆರ್.ಕೆ. ಬಾಳಿಗಾ ಅವರು ಕೋನಪ್ಪನ ಅಗ್ರಹಾರ, ದೊಡ್ಡತೋಗೂರಿನ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ಸ್ ಸಿಟಿ ಕಟ್ಟಲು ಹೊರಟಾಗ ನಕ್ಕವರೇ ಹೆಚ್ಚು. 1981ರಲ್ಲಿ ಪುಣೆಯಲ್ಲಿ ಹತ್ತು ಸಾವಿರ ರೂಪಾಯಿಯಲ್ಲಿ ಹುಟ್ಟಿದ ಇನ್ಫೋಸಿಸ್ 1983ರಲ್ಲಿ ಬೆಂಗಳೂರಿಗೆ ಬಂತು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬಂತು. 2000ನೇ ಇಸವಿ ಹತ್ತಿರ ಬಂದಾಗ, ದಿನಾಂಕದಲ್ಲಿ ಎರಡೇ ಅಂಕಿ ಬರೆದಿಟ್ಟಿದ್ದ ಹಳೆಯ ಪ್ರೋಗ್ರಾಂಗಳನ್ನು ತಿದ್ದಲು ಅಮೆರಿಕಕ್ಕೆ ರಾಶಿ ಜನ ಬೇಕಾದ್ರು. ವೈಟುಕೆ ಅಂತ ಕರೆದಿದ್ದು ಅದನ್ನೇ. ನಮ್ಮವರು ಹೋದರು, ಆಮೇಲೆ ಹಿಂತಿರುಗಿ ನೋಡಲಿಲ್ಲ.

ಇದರಲ್ಲಿ ಒಂದು ತಮಾಷೆ ಇದೆ. ಕೈಬರಹದ ಲೆಡ್ಜರನ್ನು ಬ್ಯಾಂಕಿನಿಂದ ಹೊರಗೆ ಹಾಕಿದ ಸಾಫ್ಟ್‌ವೇರ್‌ಗಳಲ್ಲಿ ಒಂದು ಇನ್ಫೋಸಿಸ್‌ನ ಫಿನಾಕಲ್. ಅಂದ್ರೆ, ಹಳೆಯ ಬಾಗಿಲನ್ನು ಮುಚ್ಚಿದ ಕೈಯೂ ಹೊಸ ಬಾಗಿಲನ್ನು ತೆರೆದ ಕೈಯೂ ಒಂದೇ. ಈಗ ಆ ಹೊಸ ಬಾಗಿಲಿನ ಹತ್ತಿರ ಎಐ ಬಂದು ನಿಂತಿದೆ.

ಇಲ್ಲಿ ಸಾಫ್ಟ್‌ವೇರ್ ಬಲ್ಲವರು ನನ್ನನ್ನು ತಡೀತಾರೆ. ಸ್ವಾಮಿ, ಪ್ರೋಗ್ರಾಮರ್ ಕೆಲಸ ಹೋಗುತ್ತೆ ಅಂತ ಮೊದಲಿನಿಂದಲೂ ಹೇಳ್ತಾನೇ ಬಂದಿದ್ದಾರೆ ಅಂತಾರೆ. ನಿಜ. 1957ರಲ್ಲಿ ಐಬಿಎಂನ ಜಾನ್ ಬ್ಯಾಕಸ್ ತಂಡ ಫೋರ್ಟ್ರಾನ್ ತಂದಾಗ, ಮೊದಲು ಬರೆಯುತ್ತಿದ್ದುದರ ಸುಮಾರು ಇಪ್ಪತ್ತರಲ್ಲಿ ಒಂದು ಪಾಲು ಸಾಲು ಬರೆದರೆ ಸಾಕಾಯಿತು. ಆ ಕಾಲದಲ್ಲಿ ಅದನ್ನು ಆಟೋಮ್ಯಾಟಿಕ್ ಪ್ರೋಗ್ರಾಮಿಂಗ್ ಅಂತಲೇ ಕರೆದರು. ಪ್ರೋಗ್ರಾಮರ್‌ಗಳು ಕಡಿಮೆ ಆದ್ರಾ? ನೂರಾರು ಪಟ್ಟು ಹೆಚ್ಚಾದರು. ಪ್ರೋಗ್ರಾಂ ಬರೆಯೋದು ಅಗ್ಗ ಆದಷ್ಟೂ ಜನ ಹೆಚ್ಚು ಪ್ರೋಗ್ರಾಂ ಕೇಳಿದರು. ಅಮೆರಿಕದ ಲ್ಯಾಂಗ್ಲಿ ಸಂಶೋಧನಾ ಕೇಂದ್ರದಲ್ಲಿ ಡೊರೊತಿ ವಾನ್ ಅನ್ನೋ ಕಪ್ಪು ಮಹಿಳೆ ಕೈಯಲ್ಲಿ ಲೆಕ್ಕ ಹಾಕುವ ಮಹಿಳೆಯರ ತಂಡ ನಡೆಸುತ್ತಿದ್ದರು. ಆಗ ಅವರ ಹುದ್ದೆಯ ಹೆಸರೇ ಕಂಪ್ಯೂಟರ್! ಯಂತ್ರ ಬರುತ್ತೆ ಅಂತ ಗೊತ್ತಾದಾಗ ಆಕೆ ತಾನೇ ಫೋರ್ಟ್ರಾನ್ ಕಲಿತರು, ಜೊತೆಯವರಿಗೂ ಕಲಿಸಿದರು. ಯಂತ್ರ ಬಂದ ಮೇಲೆ ಅದನ್ನು ನಡೆಸಿದವರಲ್ಲಿ ಆಕೆಯೂ ಒಬ್ಬರು.

ಹಾಗಾದರೆ ಯಾವ ಇತಿಹಾಸ ನಂಬಬೇಕು? ಬ್ಯಾಂಕಿನದ್ದಾ, ಫೋರ್ಟ್ರಾನ್‌ನದ್ದಾ? ಎರಡೂ ನಿಜವೇ. ಆದರೆ ನಮ್ಮ ಐಟಿ ಕಂಪನಿಗಳು ದುಡ್ಡು ಮಾಡಿದ ರೀತಿ ನೋಡಿದರೆ ನಮಗೆ ಬ್ಯಾಂಕಿನ ಕಥೆಯೇ ಹೆಚ್ಚು ಹತ್ತಿರ ಅನ್ನಿಸುತ್ತೆ. ನಾವು ಮಾರಿದ್ದು ಹೆಚ್ಚಾಗಿ ಸಾಫ್ಟ್‌ವೇರನ್ನಲ್ಲ, ಗಂಟೆಗಳನ್ನು. ಇಷ್ಟು ಜನ, ಇಷ್ಟು ಗಂಟೆ, ಇಷ್ಟು ಡಾಲರ್. ಲಾಭ ಬರಬೇಕಾದರೆ ಮೇಲೆ ಕೆಲವೇ ಅನುಭವಸ್ಥರು, ಕೆಳಗೆ ರಾಶಿ ಫ್ರೆಶರ್‌ಗಳು ಇರಬೇಕು. ವರ್ಷಕ್ಕೆ ಮೂರೂವರೆ ಲಕ್ಷ ಸಂಬಳಕ್ಕೆ ಬರುವ ಹುಡುಗ ಹುಡುಗಿಯರೇ ಈ ಕಟ್ಟಡದ ತಳಪಾಯ. ಅವರು ಮಾಡೋದು ಏನು? ಚಿಕ್ಕ ಪ್ರೋಗ್ರಾಂ ಬರೆಯೋದು, ಟೆಸ್ಟ್ ಮಾಡೋದು, ಹಳೆಯ ಕೋಡ್‌ನ ತಪ್ಪು ಹುಡುಕೋದು. ಎಐ ಮೊದಲು ಕಲಿತಿದ್ದೂ ಇದನ್ನೇ. ಚಾಟ್‌ಜಿಪಿಟಿ ಬಂದಿದ್ದು 2022ರ ನವೆಂಬರ್ 30ಕ್ಕೆ. ಎರಡು ವರ್ಷ ತುಂಬುವ ಮೊದಲೇ, 2024ರ ಅಕ್ಟೋಬರ್‌ನಲ್ಲಿ, ಗೂಗಲ್‌ನ ಸುಂದರ್ ಪಿಚೈ ತಮ್ಮ ಕಂಪನಿಯ ಹೊಸ ಕೋಡ್‌ನಲ್ಲಿ ಕಾಲು ಭಾಗಕ್ಕಿಂತ ಹೆಚ್ಚನ್ನು ಎಐ ಬರೆಯುತ್ತಿದೆ, ಎಂಜಿನಿಯರ್‌ಗಳು ಅದನ್ನು ಪರಿಶೀಲಿಸ್ತಾರೆ ಅಂದರು.

ಈಗ ನಮ್ಮ ಅಂಕಿ ನೋಡಿ. 2021-22ರಲ್ಲಿ ಇನ್ಫೋಸಿಸ್ ಸುಮಾರು 85,000 ಫ್ರೆಶರ್‌ಗಳನ್ನು ತಗೊಂಡಿತು. 2023-24ರಲ್ಲಿ ತಗೊಂಡಿದ್ದು 11,900. ಅದೇ ವರ್ಷ ಟಿಸಿಎಸ್‌ನಲ್ಲಿ 13,249, ಇನ್ಫೋಸಿಸ್‌ನಲ್ಲಿ 25,994, ವಿಪ್ರೋದಲ್ಲಿ 24,516 ಜನ ಕಡಿಮೆ ಆದರು. ಮೂರೂ ಸೇರಿದರೆ ಸುಮಾರು 64,000. ಇದೆಲ್ಲ ಎಐ ಮಾಡಿದ್ದು ಅಂದ್ರೆ ಅದು ಸುಳ್ಳಾಗುತ್ತೆ. ಕೋವಿಡ್ ಕಾಲದಲ್ಲಿ ಲೆಕ್ಕ ಇಲ್ಲದೆ ತಗೊಂಡಿದ್ದರು, ಆಮೇಲೆ ಅಮೆರಿಕ, ಯೂರೋಪಿನ ಗ್ರಾಹಕರು ಕೈ ಬಿಗಿ ಮಾಡಿದರು. 2025ರ ಜುಲೈನಲ್ಲಿ ಟಿಸಿಎಸ್ ಸುಮಾರು 12,000 ಜನರನ್ನು ಕಡಿಮೆ ಮಾಡ್ತೀವಿ ಅಂದಾಗಲೂ, ಇದಕ್ಕೆ ಎಐ ಕಾರಣ ಅಲ್ಲ ಅಂತ ಅದರ ಮುಖ್ಯಸ್ಥರು ಹೇಳಿದರು. ಇರಲಿ. ನನ್ನ ಕಣ್ಣು ಇರೋದು ಆ 12,000ದ ಮೇಲಲ್ಲ. ಅದು ಹೇಗೂ ಬ್ರೇಕಿಂಗ್ ನ್ಯೂಸ್ ಆಯ್ತು. 85,000 ಇದ್ದದ್ದು 11,900 ಆಗಿದ್ದಕ್ಕೆ ಅಷ್ಟು ದೊಡ್ಡ ಸದ್ದು ಎಲ್ಲಿತ್ತು? ಬಾಗಿಲು ಕಿರಿದಾದಾಗ ಹೀಗೇ ಆಗುತ್ತೆ. ಮಾರುಕಟ್ಟೆ ಚೇತರಿಸಿಕೊಂಡ ಮೇಲೂ ಅದು ಮೊದಲಿನಷ್ಟು ಅಗಲ ತೆರೆಯುತ್ತಾ ಅನ್ನೋದೇ ಎಐ ಎತ್ತಿರುವ ಪ್ರಶ್ನೆ.

ಬ್ಯಾಂಕಿನ ಕಥೆಯಿಂದ ಕಂಪನಿಗಳು ಕಲಿಯಬೇಕಾದ ಪಾಠವೂ ಇದೆ. ಎಐ ಬರೆದ ಕೋಡ್ ಸರಿಯೋ ತಪ್ಪೋ ಅಂತ ಹೇಳೋಕೆ ಅನುಭವಸ್ಥ ಬೇಕು. ಆ ಅನುಭವಸ್ಥ ಎಲ್ಲಿಂದ ಬರ್ತಾನೆ? ಹತ್ತು ವರ್ಷದ ಹಿಂದೆ ಫ್ರೆಶರ್ ಆಗಿ ಬಂದು, ತಪ್ಪು ಮಾಡಿ, ಬೈಸಿಕೊಂಡು ಕಲಿತವನೇ ಅಲ್ಲವಾ? ಇವತ್ತು ಫ್ರೆಶರ್ ಬೇಡ ಅಂದವರಿಗೆ 2035ರಲ್ಲಿ ಹಿರಿಯ ಎಂಜಿನಿಯರ್ ಸಿಗೋದಿಲ್ಲ.

ಸರ್ಕಾರಕ್ಕೂ ಒಂದು ಮಾತು. ಉದ್ಯೋಗದ ಷರತ್ತುಗಳನ್ನು ಕಂಪನಿಗಳು ಲಿಖಿತವಾಗಿ ಇಡಬೇಕು ಅನ್ನುವ ಸ್ಥಾಯಿ ಆದೇಶ ಕಾಯ್ದೆಯಿಂದ ಐಟಿ ಕಂಪನಿಗಳಿಗೆ ಕರ್ನಾಟಕ ವರ್ಷಗಟ್ಟಲೆ ವಿನಾಯಿತಿ ಕೊಡುತ್ತಾ ಬಂದಿತ್ತು. ಭೂಮಿ ಕೊಟ್ಟಿದ್ದೀರಿ, ರಿಯಾಯಿತಿ ಕೊಟ್ಟಿದ್ದೀರಿ. ಕೊಡಿ, ಬೇಡ ಅನ್ನಲ್ಲ. ಆದರೆ ಬದಲಿಗೆ ಒಂದನ್ನು ಕೇಳಿ. ಈ ವರ್ಷ ಕರ್ನಾಟಕದ ಕಾಲೇಜುಗಳಿಂದ ಎಷ್ಟು ಫ್ರೆಶರ್‌ಗಳನ್ನು ತಗೊಂಡ್ರಿ, ಎಷ್ಟು ಜನಕ್ಕೆ ತರಬೇತಿ ಕೊಟ್ರಿ, ಆಫರ್ ಲೆಟರ್ ಕೊಟ್ಟು ಎಷ್ಟು ಜನರನ್ನು ಕಾಯಿಸಿದ್ರಿ? ಈ ಲೆಕ್ಕ ಪ್ರತಿ ವರ್ಷ ಸಾರ್ವಜನಿಕರ ಮುಂದೆ ಬರಲಿ. ರಾಜ್ಯದಲ್ಲಿ ಇನ್ನೂರಕ್ಕೂ ಹೆಚ್ಚು ಎಂಜಿನಿಯರಿಂಗ್ ಕಾಲೇಜುಗಳಿವೆ. ಅಲ್ಲಿ ಸಾಲ ಮಾಡಿ ಓದುತ್ತಿರುವ ಮಕ್ಕಳಿಗೆ ಸಂಘ ಇಲ್ಲ. ಅವರ ಪರವಾಗಿ ಸಹಿ ಹಾಕುವ ಜಾಗದಲ್ಲಿ ಸರ್ಕಾರ ಕೂರಬೇಕು.

ಇನ್ನು ಮೇಷ್ಟ್ರ ಪ್ರಶ್ನೆ. ಕಂಪ್ಯೂಟರ್ ಸೈನ್ಸ್ ಕೊಡಿಸಬೇಕಾ? ಮಗನಿಗೆ ಆ ವಿಷಯ ಇಷ್ಟ ಇದ್ದರೆ ಖಂಡಿತ ಕೊಡಿಸಿ. ಕ್ಯಾಂಪಸ್‌ಗೆ ಯಾರೋ ಬಂದು ಬಸ್ಸಿಗೆ ತುಂಬಿಸಿಕೊಂಡು ಹೋಗ್ತಾರೆ ಅನ್ನೋ ಭರವಸೆಯ ಮೇಲೆ ಮಾತ್ರ ಕೊಡಿಸಬೇಡಿ. ಕಾಲೇಜಿನವರು ಐದು ವರ್ಷದ ಹಿಂದಿನ ಪ್ಲೇಸ್‌ಮೆಂಟ್ ಫೋಟೋ ತೋರಿಸಿದರೆ, ಈ ವರ್ಷದ್ದು ತೋರಿಸಿ ಅನ್ನಿ. ಆಮೇಲೆ ಫೀಸು ಕಟ್ಟಿ.