ಕ್ಯಾಪ್ಟನ್ ಮಂಚದ ಕೆಳಗಿನ ಬೀಜದ ಪೆಟ್ಟಿಗೆ

(1/6)
ಫೋಟೋದಲ್ಲಿರೋ ಹೂ ಎಲ್ರಿಗೂ ಗೊತ್ತು. ಆಸ್ಟರ್. ಬೆಂಗಳೂರಿನ ಕೆ.ಆರ್. ಮಾರ್ಕೆಟ್‌ನಲ್ಲಿ ಸೇವಂತಿಗೆ ರಾಶಿ ಪಕ್ಕದಲ್ಲಿ ನೇರಳೆ, ಬಿಳಿ, ಗುಲಾಬಿ ಬಣ್ಣದಲ್ಲಿ ಕೂತಿರತ್ತೆ. ಹಾರಕ್ಕೂ ಸೈ, ಹೂದಾನಿಗೂ ಸೈ. ಪೂರ್ತಿ ಹೆಸರು ಚೈನಾ ಆಸ್ಟರ್. ಹೆಸರೇ ಹೇಳೋ ಹಾಗೆ ಚೀನಾ ಕಡೆ ಹೂ. ಇದಕ್ಕೆ ಗೆಡ್ಡೆ ಇಲ್ಲ. ಒಂದು ಸಲ ಹೂ ಬಿಟ್ಟು ಬೀಜ ಕಟ್ಟಿದರೆ ಗಿಡದ ಕಥೆ ಮುಗೀತು. ಪ್ರತಿ ಸಲ ಬೀಜದಿಂದಲೇ ಶುರು ಮಾಡಬೇಕು. ಅಂದ್ರೆ ಇದು ಒಂದು ದೇಶದಿಂದ ಇನ್ನೊಂದು ದೇಶಕ್ಕೆ ಹೋಗಿದೆ ಅಂದ್ರೆ, ಯಾರೋ ಒಬ್ಬರು ಒಣಗಿದ ಹೂವಿಂದ ಬೀಜ ಉದುರಿಸಿ, ಕಾಗದದಲ್ಲಿ ಕಟ್ಟಿ ಇನ್ನೊಬ್ಬರ ಕೈಗೆ ಕೊಟ್ಟಿದ್ದಾರೆ ಅಂತಲೇ ಅರ್ಥ.

18ನೇ ಶತಮಾನದ ಮೊದಲರ್ಧದಲ್ಲಿ ಇದರ ಬೀಜ ಚೀನಾದಲ್ಲಿದ್ದ ಜೆಸ್ಯೂಟ್ ಪಾದ್ರಿಗಳಿಂದ ಫ್ರಾನ್ಸಿಗೆ ಬಂತು, ಅಲ್ಲಿಂದ ಲಂಡನ್ನಿಗೆ. ಲಂಡನ್ನಿನ ಒಬ್ಬ ಬಟ್ಟೆ ವ್ಯಾಪಾರಿ ಅದನ್ನ ಅಟ್ಲಾಂಟಿಕ್ ದಾಟಿಸಿ ಫಿಲಡೆಲ್ಫಿಯಾ ಹತ್ತಿರದ ಒಬ್ಬ ರೈತನಿಗೆ ಪರಿಚಯ ಮಾಡಿಸಿದ. ಈ ಜಾತಿಯಲ್ಲಿ ಇದಕ್ಕಿಂತ ಚೆಂದದ್ದನ್ನ ನೀನು ನೋಡಿರಲಿಕ್ಕಿಲ್ಲ ಅನ್ನೋ ಧಾಟಿಯಲ್ಲಿ ಹೊಗಳಿ ಬರೆದ. ವ್ಯಾಪಾರಿ ಹೆಸರು ಪೀಟರ್ ಕಾಲಿನ್ಸನ್, ರೈತನ ಹೆಸರು ಜಾನ್ ಬಾರ್ಟ್ರಮ್. ಇಬ್ಬರೂ ಮೂವತ್ತಕ್ಕೂ ಹೆಚ್ಚು ವರ್ಷ ಕಾಗದ ಬರ್ಕೊಂಡ್ರು, ಬೀಜ ಕಳಿಸ್ಕೊಂಡ್ರು, ಜಗಳ ಆಡಿದ್ರು. ಒಂದು ಸಲವೂ ಮುಖ ನೋಡಲಿಲ್ಲ. ಡಿಎಂನಲ್ಲೇ ಮುಗಿದ ಸ್ನೇಹ ಅಂದ್ಕೊಳ್ಳಿ, ಒಂದು ಮೆಸೇಜ್ ತಲುಪೋಕೆ ಎರಡು ತಿಂಗಳು ಹಿಡಿಯೋ ಡಿಎಂ.

(2/6)
ಕಾಲಿನ್ಸನ್ (1694–1768) ಲಂಡನ್ನಿನ ಗ್ರೇಸ್‌ಚರ್ಚ್ ಬೀದಿಯಲ್ಲಿ ಅಂಗಡಿ ಇಟ್ಟಿದ್ದ. ಅಮೆರಿಕದಲ್ಲಿದ್ದ ಬ್ರಿಟಿಷ್ ವಸಾಹತುಗಳಿಗೆ ಬಟ್ಟೆ ಕಳಿಸೋದು ಕಸುಬು, ಗಿಡ ಬೆಳೆಸೋದು ಹುಚ್ಚು. ಸಮುದ್ರದಾಚೆ ಇದ್ದ ಗಿರಾಕಿಗಳಿಗೆಲ್ಲ ನಿಮ್ಮೂರಿನ ಬೀಜ ಕಳಿಸಿ ಅಂತ ದುಂಬಾಲು ಬೀಳ್ತಿದ್ದ. ಅವರು ಹ್ಞೂಂ ಅಂದು ಮರೆತುಬಿಡ್ತಿದ್ರು. ಬೀಜ ಕೊಡ್ತೀನಿ ಅಂದು ಕೊಡದೇ ಇರೋ ಜನ ಆಗಲೂ ಇದ್ರು.

1731ರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಮತ್ತು ಗೆಳೆಯರು ಫಿಲಡೆಲ್ಫಿಯಾದಲ್ಲಿ ಚಂದಾ ಎತ್ತಿ ಒಂದು ಲೈಬ್ರರಿ ಶುರುಮಾಡಿದ್ರು. ಅವರಿಗೆ ಲಂಡನ್ನಿನಿಂದ ಪುಸ್ತಕ ಕೊಂಡು ಕಳಿಸೋ ಕೆಲಸ ಕಾಲಿನ್ಸನ್‌ದು. (ಮುಂದೆ ಫ್ರಾಂಕ್ಲಿನ್‌ಗೆ ವಿದ್ಯುತ್ ಪ್ರಯೋಗಕ್ಕೆ ಗಾಜಿನ ಕೊಳವೆ ಕಳಿಸಿದ್ದೂ ಇವನೇ. ಆ ಕಥೆಗೆ ಬೇರೆ ಪೋಸ್ಟ್ ಬೇಕು.) ಆ ಲೈಬ್ರರಿ ಬಳಗದವರೇ, ಗಿಡದ ವಿಷಯ ಆದ್ರೆ ನಮ್ಮಲ್ಲಿ ಒಬ್ಬ ಇದ್ದಾನೆ ಅಂತ ಬಾರ್ಟ್ರಮ್ ಹೆಸರು ಕೊಟ್ಟರು. 1733ರ ಸುಮಾರಿಗೆ ಕಾಗದ ಶುರುವಾಯ್ತು.

ಬಾರ್ಟ್ರಮ್ (1699–1777) ಸ್ಕೂಲ್‌ಕಿಲ್ ನದಿ ದಂಡೆಯಲ್ಲಿ ಉಳುಮೆ ಮಾಡ್ಕೊಂಡಿದ್ದವನು. ಓದಿದ್ದು ಕಡಿಮೆ. ಮನೆಯನ್ನ ತನ್ನ ಕೈಯಾರೆ ಕಲ್ಲಿಟ್ಟು ಕಟ್ಟಿದ್ದ. ಆ ಮನೆ, ತೋಟ ಈಗಲೂ ಇದೆ, ಯಾರು ಬೇಕಾದ್ರೂ ಹೋಗಿ ನೋಡಬಹುದು. ಇಬ್ಬರೂ ಕ್ವೇಕರ್ ಪಂಥದವರು. ಆ ಪಂಥದಲ್ಲಿ ದೊಡ್ಡವರು ಚಿಕ್ಕವರು ಅನ್ನದೆ ಎಲ್ಲರಿಗೂ ಏಕವಚನ. ಹಾಗಾಗಿ ಇವರ ಕಾಗದಗಳಲ್ಲಿ ಮೊದಲಿಂದ ಕೊನೆವರೆಗೂ ‘ನೀನು’. ಓದುವಾಗ ಅರ್ಧ ದೋಸ್ತಿ ಅಲ್ಲೇ ಕಾಣಿಸತ್ತೆ.

(3/6)
ಈಗ ನಮ್ಮ ಸಬ್ಜೆಕ್ಟ್‌ಗೆ ಬರೋಣ. ಕನ್ಸೈನ್‌ಮೆಂಟ್ ಅಕೌಂಟ್ ಮಾಡಿ ತಲೆ ಕೆಡಿಸ್ಕೊಂಡವರು ಇದನ್ನ ಓದಲೇಬೇಕು.

ಬಾರ್ಟ್ರಮ್ ಸುಗ್ಗಿ ಮುಗಿಸಿ, ಕಾಡಲ್ಲಿ ಬೀಜ ಬಲಿಯೋ ಹೊತ್ತಿಗೆ ಕುದುರೆ ಹತ್ತಿ ಹೊರಡ್ತಿದ್ದ. ಬೀಜ ಆರಿಸಿ ಒಣಗಿಸಿ, ಬಗೆ ಬಗೆಯಾಗಿ ಬೇರೆ ಮಾಡಿ ಪೆಟ್ಟಿಗೆ ತುಂಬಿ ಹಡಗಿಗೆ ಹಾಕ್ತಿದ್ದ. ಒಂದು ಪೆಟ್ಟಿಗೆಯಲ್ಲಿ ಸುಮಾರು 100 ಬಗೆಯ ಬೀಜ. ಹೆಚ್ಚಿನವು ಮರ, ಪೊದೆಗಳದ್ದು, ಜೊತೆಗೆ ಹೂಗಿಡಗಳದ್ದು. ಬೆಲೆ 5 ಗಿನ್ನಿ. ಒಂದು ಗಿನ್ನಿಗೆ 21 ಶಿಲ್ಲಿಂಗ್, ಒಟ್ಟು 105 ಶಿಲ್ಲಿಂಗ್. ಅಂದ್ರೆ ಒಂದು ಬಗೆಗೆ ಹೆಚ್ಚುಕಮ್ಮಿ ಒಂದು ಶಿಲ್ಲಿಂಗ್. ಕೊಳ್ಳೋರು ಮೊದಲು ಒಬ್ಬಿಬ್ಬರು, ಆಮೇಲೆ ಡ್ಯೂಕ್‌ಗಳು, ಲಾರ್ಡ್‌ಗಳು, ನರ್ಸರಿಯವರು. ಲಂಡನ್ನಿನಲ್ಲಿ ಆರ್ಡರ್ ಹಿಡಿಯೋದು, ಕಸ್ಟಮ್ಸ್‌ನಿಂದ ಪೆಟ್ಟಿಗೆ ಬಿಡಿಸೋದು, ಹಂಚೋದು, ದುಡ್ಡು ವಸೂಲಿ ಮಾಡೋದು, ಎಲ್ಲಾ ಕಾಲಿನ್ಸನ್. ಕಮಿಷನ್ ಎಷ್ಟು ಅಂತ ಕೇಳಿದ್ರೆ, ಸೊನ್ನೆ. ಪರಿಚಯ ಬಟ್ಟೆ ವ್ಯಾಪಾರದ್ದು, ಕೆಲಸ ಬೀಜದ್ದು. ಬಾರ್ಟ್ರಮ್‌ಗೆ ಲೆಕ್ಕದಲ್ಲಿ ಒಂದಿಷ್ಟು ಹಣ, ಒಂದಿಷ್ಟು ಬಟ್ಟೆ, ಪುಸ್ತಕ, ಸಾಮಾನು ಹೋಗ್ತಿತ್ತು.

ಲಾಸ್ ಕಾಲಂ ಮಾತ್ರ ಮಜವಾಗಿದೆ. ಬೀಜ ಒಣಗಿ ಸತ್ತರೆ ನಾರ್ಮಲ್ ಲಾಸ್. ಇಲಿ ತಿಂದರೆ? ಉಪ್ಪುನೀರು ನುಗ್ಗಿ ಪೆಟ್ಟಿಗೆ ಕೊಳೆತರೆ? ಇಂಗ್ಲೆಂಡಿಗೂ ಫ್ರಾನ್ಸಿಗೂ ಯುದ್ಧ ಹತ್ತಿ ಫ್ರೆಂಚರು ಹಡಗನ್ನೇ ಹಿಡ್ಕೊಂಡು ಹೋದ್ರೆ? ಇವೆಲ್ಲ ನಿಜವಾಗಿ ಆದವು. ಒಂದು ವರ್ಷದ ಅಲೆದಾಟ ಒಂದು ರಾತ್ರಿಯಲ್ಲಿ ಮಣ್ಣುಪಾಲು.

(4/6)
ಹಾಗಾಗಿ ಕಾಲಿನ್ಸನ್ ಪ್ಯಾಕಿಂಗ್ ಪಾಠ ಮಾಡಿದ. ಪೆಟ್ಟಿಗೆಯನ್ನ ಹಡಗಿನ ತಳದಲ್ಲಿ ಇಡಿಸಬೇಡ, ಕ್ಯಾಪ್ಟನ್ ಕೋಣೆಯಲ್ಲಿ, ಅವನ ಮಂಚದ ಕೆಳಗೆ ಇಡೋಕೆ ಹೇಳು. ಜೀವಂತ ಗಿಡ ಕಳಿಸೋದಾದ್ರೆ ಎತ್ತಿನ ಮೂತ್ರಕೋಶ ತಗೊಂಡು ಅದರೊಳಗೆ ಬೇರು, ಹಸಿ ಮಣ್ಣು ಹಾಕಿ ಬಾಯಿ ಕಟ್ಟು, ತೇವ ಆರಲ್ಲ. ಪ್ಲಾಸ್ಟಿಕ್ ಕವರ್ ಇಲ್ಲದ ಕಾಲದ ನರ್ಸರಿ ಕವರ್ ಅದು! ನನಗಂತೂ ಈ ಐಡಿಯಾ ಓದಿ ಖುಷಿಯಾಯ್ತು.

ಪೆಟ್ಟಿಗೆ ತಲುಪಿದ ಮೇಲೂ ಕೆಲಸ ಮುಗೀತಿರಲಿಲ್ಲ. ಆಸ್ಟರ್ ಥರ ಬಿತ್ತಿದ ಒಂದೆರಡು ವಾರದಲ್ಲಿ ಮೊಳಕೆ ಬರೋ ಬೀಜ ಅಲ್ಲ ಇವು. ಉತ್ತರ ಅಮೆರಿಕದ ಎಷ್ಟೋ ಮರ, ಪೊದೆಗಳ ಬೀಜಕ್ಕೆ ಒದ್ದೆ ಮಣ್ಣಲ್ಲಿ ಒಂದು ಚಳಿಗಾಲ ಕಳೀಬೇಕು, ಆಮೇಲೇ ಕಣ್ಣು ಬಿಡೋದು. ಇಲ್ಲಾಂದ್ರೆ ಚಳಿ ಬರೋ ಮುಂಚೆಯೇ ಮೊಳೆತು ಹಿಮಕ್ಕೆ ಸಾಯತ್ತಲ್ಲ, ಅದಕ್ಕೇ ಗಿಡ ಮಾಡ್ಕೊಂಡಿರೋ ಉಪಾಯ. ಬಿತ್ತಿದವನಿಗೆ ಈ ವಿಷಯ ಗೊತ್ತಿಲ್ಲದಿದ್ರೆ ಮೊದಲ ಬೇಸಿಗೆಯಲ್ಲೇ ಕುಂಡದ ಮಣ್ಣು ಆಚೆ ಸುರೀತಾನೆ. ಸಮುದ್ರ ದಾಟಿ ಬಂದ ಬೀಜ ತಿಪ್ಪೆ ಸೇರತ್ತೆ. ಅದಕ್ಕೇ ಬೀಜದಷ್ಟೇ ಮುಖ್ಯ ಅದರ ಜೊತೆ ಬಂದ ಕಾಗದ.

ಇವರ ಜಗಳಗಳೂ ಕಾಗದದಲ್ಲೇ. ಬಾರ್ಟ್ರಮ್ ವರ್ಜೀನಿಯಾ ಕಡೆ ಹೊರಟಾಗ, ಅಲ್ಲಿನ ಜನ ಮನುಷ್ಯನ ಒಳಗಿಗಿಂತ ಹೊರಗನ್ನೇ ಹೆಚ್ಚು ನೋಡ್ತಾರೆ, ನೀಟಾಗಿ ಡ್ರೆಸ್ ಮಾಡ್ಕೊಂಡು ಹೋಗು ಅಂತ ಕಾಲಿನ್ಸನ್ ಬುದ್ಧಿ ಹೇಳಿದ. ಬಟ್ಟೆಯನ್ನೂ ಕಳಿಸಿದ. ಇನ್ನೊಂದು ಸಲ ತಾನು ಹಾಕಿದ್ದ ಟೋಪಿಯೊಂದನ್ನ ಕಳಿಸಿದ್ದ. ಇದ್ರಲ್ಲಿ ತೂತಿದೆಯಲ್ಲ ಅಂತ ಬಾರ್ಟ್ರಮ್ ಮುನಿಸಿಕೊಂಡ. ಅಂಚಲ್ಲಿ ಒಂದೆರಡು ಸಣ್ಣ ತೂತು ಇದ್ದಿದ್ದು ನಿಜ, ಬೇಡದಿದ್ರೆ ವಾಪಸ್ ಕಳಿಸಬೇಕಿತ್ತು, ಮಳೆಗಾಲದಲ್ಲಿ ನಾನೇ ಇನ್ನೂ ಎರಡು ಮೂರು ವರ್ಷ ಹಾಕ್ತಿದ್ದೆ ಅಂತ ಇವನ ಉತ್ತರ. ಬಾರ್ಟ್ರಮ್ ಸಿಟ್ಟು ಬರೀ ಟೋಪಿಗಲ್ಲ ಅನ್ಸತ್ತೆ ನನಗೆ. ಕೆಸರಲ್ಲಿ, ಬೆಟ್ಟದಲ್ಲಿ ಅಲೆಯೋನು ತಾನು, ತೋಟದ ಹೆಸರು ಲಾರ್ಡ್‌ಗಳದ್ದು. ಕೊನೆಗೆ 1765ರಲ್ಲಿ ರಾಜ ಮೂರನೇ ಜಾರ್ಜ್‌ನ ಸಸ್ಯಶಾಸ್ತ್ರಜ್ಞ ಅನ್ನೋ ಹುದ್ದೆ ಸಿಕ್ತು, ವರ್ಷಕ್ಕೆ 50 ಪೌಂಡ್. ಅದನ್ನ ಓಡಾಡಿ ಕೊಡಿಸಿದ್ದು ಮತ್ತೆ ಇದೇ ಟೋಪಿ ಗೆಳೆಯ.

(5/6)
ನೂರಕ್ಕೂ ಹೆಚ್ಚು ಬಗೆಯ ಅಮೆರಿಕದ ಗಿಡಗಳು ಈ ಪೆಟ್ಟಿಗೆಗಳ ಮೂಲಕ ಇಂಗ್ಲೆಂಡಿನ ತೋಟ ಸೇರಿದವು. ಅದರಲ್ಲಿ ನನಗೆ ಇಷ್ಟವಾದದ್ದು ಮೊನಾರ್ಡಾ ಅನ್ನೋ ಕೆಂಪು ಹೂ. ತುಳಸಿ, ಪುದೀನ ಇರೋ ಕುಟುಂಬದ್ದೇ, ಎಲೆ ಘಮಘಮ. ಒಂಟಾರಿಯೊ ಸರೋವರದ ದಂಡೆಯ ಆಸ್ವೀಗೊ ಕಡೆಯಿಂದ ಬಾರ್ಟ್ರಮ್ ಬೀಜ ತಂದು ಕಳಿಸಿದ, ಕಾಲಿನ್ಸನ್ ತೋಟದಲ್ಲಿ ಅರಳಿತು. ಇಂಗ್ಲಿಷಿನಲ್ಲಿ ಇದಕ್ಕೆ ಆಸ್ವೀಗೊ ಟೀ ಅಂತ ಹೆಸರು, ಯಾಕಂದ್ರೆ ಅಲ್ಲಿನ ಮೂಲನಿವಾಸಿಗಳು ಎಲೆ ಕುದಿಸಿ ಕುಡೀತಿದ್ರು. ಪುಸ್ತಕಗಳಲ್ಲಿ ‘ಬಾರ್ಟ್ರಮ್ ಕಂಡುಹಿಡಿದ ಗಿಡ’ ಅಂತ ಓದಿದಾಗೆಲ್ಲ ನನಗೆ ಸ್ವಲ್ಪ ಕಿರಿಕಿರಿ. ಗಿಡದ ಉಪಯೋಗ ಗೊತ್ತಿದ್ದವರ ಹೆಸರು ಲೆಡ್ಜರ್‌ನಲ್ಲಿ ಎಲ್ಲೂ ಇಲ್ಲ. ಆ ಜನರ ನೆಲದ ಮೇಲೇ ಇವನ ಅಲೆದಾಟ, ಅವರ ಬಗ್ಗೆ ಇವನಿಗೆ ಒಳ್ಳೆ ಅಭಿಪ್ರಾಯವೂ ಇರಲಿಲ್ಲ. ಇವನ ತಂದೆ ಅಂಥ ಒಂದು ಸಂಘರ್ಷದಲ್ಲೇ ಸತ್ತಿದ್ದ.

ಹಂಚದೇ ಒಂದೇ ಕಡೆ ಇಟ್ಟರೆ ಏನಾಗತ್ತೆ ಅನ್ನೋದಕ್ಕೆ ಲಾರ್ಡ್ ಪೀಟರ್ ಉದಾಹರಣೆ. (ಕಾಲಿನ್ಸನ್ ಹೆಸರು ಪೀಟರ್, ಇವನ ಮನೆತನ ಪೀಟರ್, ಗೊಂದಲ ಬೇಡ.) ಬಾರ್ಟ್ರಮ್ ಬೀಜಗಳ ಬಹು ದೊಡ್ಡ ಗಿರಾಕಿ ಇವನು. ಎಸೆಕ್ಸ್‌ನ ಥಾರ್ನ್‌ಡನ್‌ನಲ್ಲಿ ಸಾವಿರಾರು ಅಮೆರಿಕನ್ ಗಿಡ ಬೆಳೆಸಿದ್ದ. 1742ರಲ್ಲಿ ಸಿಡುಬಿಗೆ ಬಲಿಯಾದಾಗ ವಯಸ್ಸು ಬರೀ 29. ಸಂಗ್ರಹ ಮಾರಾಟವಾಗಿ ಚದುರಿಹೋಯ್ತು. ಕಾಲಿನ್ಸನ್ ತೋಟಕ್ಕಂತೂ ಒಂದಕ್ಕಿಂತ ಹೆಚ್ಚು ಸಲ ಕಳ್ಳರು ನುಗ್ಗಿ ಅಪರೂಪದ ಗಿಡಗಳನ್ನ ಕಿತ್ಕೊಂಡು ಹೋದರು. ಅವನು ಸತ್ತ ಮೇಲೆ ಆ ತೋಟವೂ ಉಳೀಲಿಲ್ಲ. ಮಿಲ್ ಹಿಲ್‌ನ ಆ ಜಾಗದಲ್ಲಿ 1807ರಿಂದ ಒಂದು ಸ್ಕೂಲಿದೆ. ಅವನ ಗಿಡಗಳ ಸಂತತಿ ಮಾತ್ರ ಬೇರೆ ಬೇರೆಯವರ ತೋಟಗಳಲ್ಲಿ ಬೆಳೀತಾ ಇತ್ತು, ಯಾಕಂದ್ರೆ ಅಷ್ಟೊತ್ತಿಗೆ ಹಂಚಿಯಾಗಿತ್ತು.

(6/6)
ಇಷ್ಟುದ್ದ ಬರೆದಿದ್ದು ನಿಜವಾಗಿ ಈ ಕೊನೆಯ ಗಿಡಕ್ಕೋಸ್ಕರ.

1765ರ ಅಕ್ಟೋಬರ್. ಬಾರ್ಟ್ರಮ್‌ಗೆ 66 ವರ್ಷ, ಜೊತೆಗೆ ಮಗ ವಿಲಿಯಂ. ಜಾರ್ಜಿಯಾದ ಆಲ್ಟಮಹಾ ನದಿ ಹತ್ತಿರ ಇಬ್ಬರೂ ಒಂದು ಪೊದೆ ನೋಡಿದರು. ಎಂದೂ ಕಂಡಿರದ ಗಿಡ. ಹೂವಿನ ಕಾಲ ಮುಗಿದಿತ್ತು. 1770ರ ದಶಕದಲ್ಲಿ ವಿಲಿಯಂ ಒಬ್ಬನೇ ಆ ಕಡೆ ಮತ್ತೆ ಹೋದ. ಈ ಸಲ ಹೂ ಸಿಕ್ತು. ಬಿಳಿ ಎಸಳು, ನಡುವೆ ಹಳದಿ ಕೇಸರ. ನಾವು ಕುಡಿಯೋ ಟೀ ಗಿಡದ ಕುಟುಂಬದ್ದೇ. ಬೀಜ ತಗೊಂಡು 1777ರಲ್ಲಿ ಮನೆಗೆ ಬಂದ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಅಪ್ಪ ತೀರಿಕೊಂಡ. ಕಾಲಿನ್ಸನ್ ಹೋಗಿ ಒಂಬತ್ತು ವರ್ಷ ಆಗಿತ್ತು. ತೋಟದಲ್ಲಿ ಬಿತ್ತಿದ ಗಿಡ 1781ರಲ್ಲಿ ಮೊದಲ ಹೂ ಬಿಡ್ತು. 1785ರಲ್ಲಿ ಅದಕ್ಕೆ ಮನೆಯ ಹಳೇ ಸ್ನೇಹಿತ ಫ್ರಾಂಕ್ಲಿನ್ ಹೆಸರಿಟ್ಟು ಫ್ರಾಂಕ್ಲಿನಿಯಾ ಅಂತ ಕರೆದರು.

1803ರ ನಂತರ ಕಾಡಲ್ಲಿ ಈ ಗಿಡವನ್ನ ಯಾರೂ ನೋಡಿಲ್ಲ. ಹುಡುಕದೇ ಇದ್ದಾರೆ ಅಂತಲ್ಲ, ಎಷ್ಟೋ ಜನ ಹುಡುಕಿದ್ದಾರೆ. ಇವತ್ತು ಜಗತ್ತಿನ ಯಾವ ತೋಟದಲ್ಲಿ ಫ್ರಾಂಕ್ಲಿನಿಯಾ ಇದ್ದರೂ ಅದು ಬಾರ್ಟ್ರಮ್ ಮನೆಯವರು ತಂದು ಬೆಳೆಸಿ ಹಂಚಿದ ಗಿಡಗಳ ವಂಶ. ಅವರು ಆ ಬೀಜ ತರದೇ ಇದ್ದಿದ್ರೆ, ತಂದದ್ದನ್ನ ಮನೆಯಲ್ಲೇ ಇಟ್ಕೊಂಡಿದ್ರೆ, ಟೀ ಗಿಡದ ಈ ನೆಂಟ ಒಣಗಿದ ಎಲೆಯಾಗಿ, ಒಂದು ಚಿತ್ರವಾಗಿ ಮಾತ್ರ ಉಳೀತಿತ್ತು.

ಆಸ್ಟರ್‌ಗೆ ಅಂಥ ಗಂಡಾಂತರ ಇಲ್ಲ. ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರೇ ಕಾಮಿನಿ, ಪೂರ್ಣಿಮಾ, ಶಶಾಂಕ್ ಅಂತ ತಳಿ ಮಾಡಿದ್ದಾರೆ. ಬಹುಪಾಲು ತನ್ನದೇ ಪರಾಗದಿಂದ ಬೀಜ ಕಟ್ಟೋ ಗಿಡ, ಹಾಗಾಗಿ ಮನೆಯಲ್ಲಿ ಎತ್ತಿಟ್ಟ ಬೀಜದಿಂದಲೂ ಹೆಚ್ಚಾಗಿ ಅದೇ ಬಣ್ಣ ಬರತ್ತೆ. ಒಂದೇ ತೊಂದರೆ, ಈ ಬೀಜ ಡಬ್ಬಿಯಲ್ಲಿ ಬಹಳ ದಿನ ಕಾಯಲ್ಲ. ವರ್ಷ ದಾಟಿದ್ರೆ ಮೊಳಕೆ ತೀರಾ ಕಡಿಮೆ. ನನ್ನ ಹತ್ರ ಈ ಸಲದ ನೇರಳೆ ಬೀಜ ಎಂಟು ಪೊಟ್ಟಣ ಇದೆ, ಸೋಮವಾರ ಕ್ಲಾಸಿಗೆ ತರ್ತೀನಿ. ಬಿತ್ತುವಾಗ ಮೇಲೆ ತೆಳ್ಳಗೆ ಮಣ್ಣು ಉದುರಿಸಿ ಸಾಕು, ಆಳಕ್ಕೆ ಹೂಳಬೇಡಿ. ಬೇಕಾದವರು ಮೆಸೇಜ್ ಮಾಡಿ. ಬದಲಿಗೆ ನಿಮ್ಮನೆಯ ಯಾವ ಬೀಜ ಆದ್ರೂ ಸರಿ, ತೂತಿರೋ ಟೋಪಿ ಮಾತ್ರ ಬೇಡ.